ಒಳಬದಿ ನುಣ್ಣಗಿರಬೇಕು

ಸುದ್ದಿ ತಂದವರು ಸಿಸ್ಟರ್ ಅವರ ತಮ್ಮ. ಫಳ್ನೀರಿನಲ್ಲಿ ಔಷಧದ ಅಂಗಡಿ ಇಟ್ಟಿರುವ ಅವರು ಅಂಗಡಿಯ ದಾರಿ ಬಿಟ್ಟು ಬೆಳಿಗ್ಗೆಯೇ ಬಿಕರ್ನಕಟ್ಟೆಗೆ ಬಂದು, ನನ್ನ ಶೆಡ್ಡಿನ ಮುಂದೆ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ಕೂಡ ತೆಗೆಯದೆ ಹೇಳಿದರು.

"ಶೆಟ್ರೇ, ಅಕ್ಕ ತೀರಿಕೊಂಡಳು. ಅಲ್ಲೇ. ಜ್ವರ ಬಂದದ್ದಂತೆ."

"ಅದು ಹೇಗೆ? ಮೊನ್ನೆ ಮೊನ್ನೆ ನನಗೆ ವಾಯ್ಸ್ ಮೆಸೇಜ್ ಹಾಕಿದ್ದಾರಲ್ಲ" ಎಂದೆ, ಮೆಸೇಜ್ ಹಾಕಿದವರು ಸಾಯುವುದಿಲ್ಲ ಎಂಬಂತೆ. ಫೋನ್ ತೆಗೆದು ತೋರಿಸಲಿಕ್ಕೂ ಹೊರಟೆ. ಅವರು ನೋಡಲಿಲ್ಲ. ಕಣ್ಣು ಕೆಂಪಾಗಿತ್ತು. ಅಕ್ಕ ತಮ್ಮ ಕೊನೆಯ ಸಲ ಸರಿಯಾಗಿ ಮಾತಾಡಿಕೊಂಡು ಬೀಳ್ಕೊಂಡವರಲ್ಲ ಎಂಬುದು ನನಗೆ ಗೊತ್ತಿತ್ತು. ಚಹಾ ಕುಡಿಯಿರಿ ಎಂದೆ, ಬೇಡ ಎಂದು ಹೊರಟುಹೋದರು.

ಇಡೀ ದಿನ ನಾನು ಶೆಡ್ಡಿನ ಕೆಲಸ ಮುಟ್ಟಲಿಲ್ಲ. ನಾನೇನು ಅವರ ಸಂಬಂಧಿಕನಲ್ಲ, ಅವರ ಧರ್ಮದವನೂ ಅಲ್ಲ. ಪ್ಯಾಕಿಂಗ್ ಪೆಟ್ಟಿಗೆ ಮಾಡಿ ಹೊಟ್ಟೆ ಹೊರೆಯುವವನು. ಸುರತ್ಕಲ್ ಕಡೆಯ ಕಾರ್ಖಾನೆಗಳ ಯಂತ್ರದ ಬಿಡಿಭಾಗಗಳಿಗೆ, ಗಲ್ಫಿಗೆ ಸಂಸಾರ ಸಾಗಿಸುವವರ ಸಾಮಾನಿಗೆ ಮರದ ಪೆಟ್ಟಿಗೆ ಹೊಡೆದು ಕೊಡುವುದು ನನ್ನ ಕಸುಬು. ಈ ಸಿಸ್ಟರ್ ನಮ್ಮ ಊರಿನ ಕೊಂಕಣಿ ಮನೆಯಲ್ಲಿ ಹುಟ್ಟಿ, ಕನ್ಯಾಸ್ತ್ರೀಯಾಗಿ, ಕೀನ್ಯಾ ದೇಶದ ಉತ್ತರದ ಒಂದು ಒಣ ಸೀಮೆಗೆ ಹೋಗಿ ಅಲ್ಲಿನ ಸಣ್ಣ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಅವರ ಊರಚರ್ಚಿನವರು ವರ್ಷಕ್ಕೊಂದು ಸಲ ಮನೆಮನೆಯಿಂದ ಸಾಮಾನು ಒಟ್ಟು ಮಾಡಿ ಹಡಗಿನಲ್ಲಿ ಕಳಿಸುತ್ತಿದ್ದರು. ಆ ಸಾಮಾನಿಗೆ ಪೆಟ್ಟಿಗೆ ನನ್ನದು. ಲೆಕ್ಕಕ್ಕೆ ಇಷ್ಟೇ ಸಂಬಂಧ.

ಹಾಗಾಗಿ ಬಹಳ ವರ್ಷ ಅವರು ನನಗೆ ಬರೀ ಒಂದು ಧ್ವನಿ, ಅದೂ ತಕರಾರಿನ ಧ್ವನಿ. ಮೊದಲ ಸಲ ಫೋನ್ ಬಂದಾಗ ಯಾರೋ ಇನ್ಶೂರೆನ್ಸಿನವರು ಎಂದು ಕಟ್ ಮಾಡಿದ್ದೆ. ಮತ್ತೆ ಬಂತು.

"ಪೆಟ್ಟಿಗೆ ಶೆಟ್ರಾ? ನಾನು ಆಫ್ರಿಕಾದಿಂದ ಸಿಸ್ಟರ್. ನಿಮ್ಮ ಪೆಟ್ಟಿಗೆಗಳು ಬಂದವು. ಗಟ್ಟಿ ಉಂಟು, ಅದಕ್ಕೆ ಥ್ಯಾಂಕ್ಸ್. ಆದ್ರೆ ಒಳಗೆ ಯಾಕೆ ಅಷ್ಟು ಒರಟು ಬಿಟ್ಟಿದ್ದೀರಿ? ಮೊಳೆಯ ತುದಿ ಎಲ್ಲ ಎದ್ದು ನಿಂತಿದೆ."

"ಪ್ಯಾಕಿಂಗ್ ಪೆಟ್ಟಿಗೆ ಅಲ್ವಾ ಸಿಸ್ಟರ್, ಒಳಗೆ ಯಾರು ನೋಡ್ತಾರೆ?"

"ನೋಡುವವರಿದ್ದಾರೆ. ಬರುವ ಸಲ ಒಳಬದಿ ಕೀಸಿ ನುಣ್ಣಗೆ ಮಾಡಿ. ಮುಚ್ಚಳ ಮೊಳೆ ಹೊಡೆದು ಮುಚ್ಚಬೇಡಿ, ಕೀಲು ಹಾಕಿ. ಅಳತೆ ನಾನು ಹೇಳ್ತೇನೆ, ಬರ್ಕೊಳ್ಳಿ."

ನನಗೆ ಸಿಟ್ಟು ಬಂತು. ಪುಕ್ಕಟೆಯ ಹಾಗೆ ಕಡಿಮೆ ದರಕ್ಕೆ ಮಾಡಿ ಕೊಡುವ ಕೆಲಸಕ್ಕೆ ಇಷ್ಟು ದರ್ಬಾರು. ನನ್ನ ಬಡಗಿ ವಾಸು ಆಚಾರಿಗೆ ಹೇಳಿದಾಗ ಅವನು ಬಾಯಲ್ಲಿದ್ದ ವೀಳ್ಯ ಉಗಿದು ನಕ್ಕ. "ಅಷ್ಟು ನುಣ್ಣಗೆ ಯಾಕೆ ಶೆಟ್ರೇ, ಸಿಸ್ಟರಿಗೆ ಒಳಗೆ ಮಲಗ್ಲಿಕ್ಕುಂಟಾ?" ಎಂದ. ನಾನೂ ನಕ್ಕೆ.

ಮಂಗಳೂರಿನವರದ್ದು ಒಂದು ಅಭ್ಯಾಸ ಉಂಟು. ಮೊದಲ ದಿನ ಯಾವ ಭಾಷೆಯಲ್ಲಿ ಮಾತು ಶುರುವಾಯಿತೋ ಸಾಯುವವರೆಗೆ ಅದರಲ್ಲೇ. ಸಿಸ್ಟರಿಗೆ ತುಳು ನನಗಿಂತ ಚಂದ ಬರುತ್ತಿತ್ತು, ವಾಸು ಆಚಾರಿಯ ಹತ್ತಿರ ಅದರಲ್ಲೇ ಮಾತಾಡುತ್ತಿದ್ದರು. ತಮ್ಮನ ಹತ್ತಿರ ಕೊಂಕಣಿ. ನನ್ನ ಹತ್ತಿರ ಮಾತ್ರ ಕನ್ನಡ, ಯಾಕೆಂದರೆ ಆ ಮೊದಲ ಜಗಳ ಕನ್ನಡದಲ್ಲಿ ಆದದ್ದು.

ಚರ್ಚಿನವರು ಕಳಿಸುತ್ತಿದ್ದ ಸಾಮಾನು ನೋಡಬೇಕಿತ್ತು ನೀವು. ಬಿಸಿಲಿನ ಸೀಮೆಗೆ ಉಲ್ಲನ್ ಸ್ವೆಟರು, ಮಳೆ ಕಾಣದ ಕಡೆಗೆ ರೈನ್‌ಕೋಟು, ಮದುವೆಯಲ್ಲಿ ಒಂದೇ ಸಲ ಕಟ್ಟಿದ ಟೈ, ಮಕ್ಕಳು ಆಡಿ ಬೇಸತ್ತ ಬೊಂಬೆ, ಕೊನೆಗೆ ಹಂದಿ ಮಾಂಸಕ್ಕೆ ಹಾಕುವ ಬಾಫತ್ ಪುಡಿ. ಎಲ್ಲ ಪ್ರೀತಿಯಿಂದಲೇ. ಸಿಸ್ಟರ್ ಸಾಮಾನಿನ ಬಗ್ಗೆ ಒಂದು ದಿನವೂ ಚಕಾರ ಎತ್ತಿದವರಲ್ಲ. ಒಂದು ವರ್ಷ ಚರ್ಚಿನ ಸಮಿತಿಯ ಕಾರ್ಯದರ್ಶಿ, ಬ್ಯಾಂಕಿನಿಂದ ನಿವೃತ್ತರಾದ ಅಚ್ಚುಕಟ್ಟಿನ ಮನುಷ್ಯ, ಮರದ ಪೆಟ್ಟಿಗೆ ಭಾರ, ಇನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಳಿಸುವ ಎಂದರು. ವಿಷಯ ಹೇಗೋ ಅಲ್ಲಿಗೆ ಮುಟ್ಟಿತು. ಸಿಸ್ಟರ್ ಫೋನ್ ಮಾಡಿ ಗಾಬರಿಯಲ್ಲಿ, "ಸಾಮಾನು ಬೇಕಾದ್ರೆ ಬೇಡ ಶೆಟ್ರೇ, ಪೆಟ್ಟಿಗೆ ಮಾತ್ರ ನಿಲ್ಲಿಸ್ಬೇಡಿ, ನಿಮ್ಮ ದಮ್ಮಯ್ಯ" ಎಂದರು. ಸಮಿತಿಯಲ್ಲಿ ಇದೊಂದು ತಮಾಷೆಯ ಕಥೆಯಾಯಿತು. ಸಿಸ್ಟರಿಗೆ ಒಳಗಿನದ್ದು ಬೇಡ, ಹೊರಗಿನದ್ದು ಬೇಕು ಎಂದು ಎಲ್ಲರೂ ನಗಾಡಿದರು. ಡ್ರಮ್ಮಿನ ಯೋಚನೆ ಅಲ್ಲಿಗೆ ನಿಂತಿತು.

ಅವರನ್ನು ಕಣ್ಣಾರೆ ನೋಡಿದ್ದು ಎರಡು ವರ್ಷದ ಹಿಂದೆ, ಅದೂ ಒಂದು ವಾರ. ತಿಂಗಳ ರಜೆಯ ಮೇಲೆ ಊರಿಗೆ ಬಂದಿದ್ದರು. ಕೊನೆಯ ವಾರ ಶುರುವಾಗುವ ಮುನ್ನಾದಿನ, ಶನಿವಾರ, ಶೆಡ್ಡಿಗೆ ಬಂದರು. ಗಿಡ್ಡ ಹೆಂಗಸು, ತಿಳಿನೀಲಿ ಗೌನು, ಬಿಸಿಲಿಗೆ ಸುಟ್ಟ ಮುಖ, ಕಾಲಲ್ಲಿ ಹಳೇ ಟಯರಿನಿಂದ ಮಾಡಿದ ಚಪ್ಪಲಿ. ನಮ್ಮ ರಸ್ತೆಯ ನಟ್ಟನಡುವೆ ನಡೆದುಕೊಂಡು ಬರುತ್ತಿದ್ದಾರೆ, ಹಿಂದೆ ಸಿಟಿ ಬಸ್ಸಿನವ ಹಾರ್ನ್ ಒತ್ತಿ ಒತ್ತಿ ಸೋತಿದ್ದಾನೆ. "ನಮ್ಮಲ್ಲಿ ರಸ್ತೆಗೆ ನಾವೇ ಹೋಗುದು ಮಾರಾಯ್ರೇ, ಬಸ್ಸು ಯಾವಾಗಲೋ ಬರುದು" ಎಂದರು. ಕುರ್ಚಿ ಕೊಟ್ಟರೆ ಕೂರಲಿಲ್ಲ, ಹಲಗೆಯ ರಾಶಿಯ ಮೇಲೆ ಕೂತರು. ನಮ್ಮ ಹುಡುಗರು ಅರ್ಧ ಕುಡಿದು ಇಟ್ಟ ನೀರಿನ ಗ್ಲಾಸುಗಳನ್ನು ಒಂದೊಂದಾಗಿ ಎತ್ತಿ ಬಾಗಿಲ ಬದಿಯ ಬಸಳೆಗೆ ಹೊಯ್ದರು. ಮಾತಾಡುತ್ತಲೇ ಹೊಯ್ದರು, ಅದೊಂದು ದೊಡ್ಡ ವಿಷಯ ಎಂಬಂತೆ ಅಲ್ಲ. ಆದರೂ ನಮಗೆಲ್ಲ ಸ್ವಲ್ಪ ನಾಚಿಕೆಯಾಯಿತು.

ಆಮೇಲೆ ಸಿದ್ಧವಾಗಿದ್ದ ಒಂದು ಪೆಟ್ಟಿಗೆಯ ಮುಚ್ಚಳ ತೆರೆದು ಒಳಗೆ ಕೈ ಹಾಕಿದರು. ಅಂಗೈಯನ್ನು ಹಲಗೆಗೆ ಒತ್ತಿ, ಕಣ್ಣುಮುಚ್ಚಿ, ಮೂಲೆ ಮೂಲೆಗೂ ಆಡಿಸಿದರು. ಒಂದು ಕಡೆ ಕೈ ನಿಂತಿತು.

"ಇಲ್ಲಿ ಸಿಬಿರು ಉಂಟು" ಎಂದರು.

ವಾಸು ಆಚಾರಿ ನನ್ನ ಮುಖ ನೋಡಿದ. ಸಿಸ್ಟರ್ ಹೋದ ಮೇಲೆ ನಾನು ಹೇಳಿದೆ, ಈ ಹೆಂಗಸು ಮದುವೆಯಾಗದೆ ಇದ್ದದ್ದು ಯಾವನೋ ಗಂಡಸಿನ ಪುಣ್ಯ ಎಂದು. ಹೇಳಿದ್ದೇನೆ, ಮುಚ್ಚಿಡುವುದಿಲ್ಲ. ಮರುದಿನ ಸಂಜೆಯವರೆಗೆ ನನಗೆ ಅವರ ಬಗ್ಗೆ ಇದ್ದ ಅಭಿಪ್ರಾಯ ಅದೇ.

ಮರುದಿನ ಆದಿತ್ಯವಾರ. ಚರ್ಚಿನ ಹಾಲಿನಲ್ಲಿ ಸಿಸ್ಟರಿಗೆ ಬೀಳ್ಕೊಡುಗೆ, ಜೊತೆಯಲ್ಲಿ ಪೆಟ್ಟಿಗೆಯವನಾದ ನನಗೂ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ವೇದಿಕೆಯ ಮೇಲೆ ನನ್ನದೇ ಹೊಸ ಪೆಟ್ಟಿಗೆಯೊಂದನ್ನು ಬಲೂನು ಕಟ್ಟಿ ಇಟ್ಟಿದ್ದರು. ಯುವಕ ಸಂಘದ ಮಕ್ಕಳು ಅದರ ಮೇಲೆ ಹೂವು, ಚಿಟ್ಟೆ ಬರೆದಿದ್ದರು. ಬದಿಯಲ್ಲಿ ನಾನು ಎಲ್ಲ ಪೆಟ್ಟಿಗೆಗೂ ಹೊಡೆಸುವ ಕಪ್ಪು ಅಚ್ಚು, ಬಾಣದ ಗುರುತು, ದಿಸ್ ಸೈಡ್ ಅಪ್. ಹಾಲಿನಲ್ಲಿ ಜನ ತುಂಬಿದ್ದರು. ಹಿಂದಿನ ವರ್ಷ ಬಂದಿದ್ದ ಯಾರೋ ಉದ್ದ ಭಾಷಣ ಮಾಡಿ ಜನರನ್ನು ಸುಸ್ತು ಮಾಡಿದ್ದರಂತೆ. ಅದಕ್ಕೇ ಕಾರ್ಯದರ್ಶಿಯವರು ಸಿಸ್ಟರಿಗೆ ಮೊದಲೇ ಹೇಳಿದ್ದರು, ಸುಮ್ಮನೆ ನಿಮ್ಮ ಒಂದು ವಾರ ಹೇಗೆ ಹೋಗ್ತದೆ ಅಂತ ಹೇಳಿ, ಸಾಕು.

ನಾನು ಕೂತದ್ದನ್ನು ನೋಡಿ ಸಿಸ್ಟರ್ ಕನ್ನಡದಲ್ಲೇ ಶುರು ಮಾಡಿದರು. ಅಲ್ಲಿಂದ ಊರಿಗೆ ಹೊರಡುವ ಹಿಂದಿನ ವಾರದ್ದು ಹೇಳ್ತೇನೆ ಎಂದರು.

"ಸೋಮವಾರ ಜೀಪಿನ ಚಕ್ರ ಮರಳಿನಲ್ಲಿ ಹೂತುಹೋಯ್ತು. ತಳ್ಳಿದ್ದು ನಾವು ನರ್ಸುಗಳು, ಡ್ರೈವರ್ ಒಳಗೆ ಕೂತು ಸಲಹೆ ಕೊಟ್ಟದ್ದು. ಮಂಗಳವಾರ ಒಂದು ಆಡು ಇಂಜೆಕ್ಷನ್ ಕೋಣೆಗೆ ನುಗ್ಗಿ ಹತ್ತಿ ಎಲ್ಲ ತಿಂದಿತು. ಅದರ ಯಜಮಾನಿ ಬಂದು ನನಗೇ ಬೈದಳು, ಆಡಿಗೆ ಎಂತಾದ್ರೂ ಆದ್ರೆ ನೀನೇ ಜವಾಬ್ದಾರಿ ಅಂತ. ಬುಧವಾರ ಒಂದು ಹೆರಿಗೆ, ಹೆಣ್ಣು. ಅಜ್ಜಿ ಅದಕ್ಕೆ ನನ್ನ ಹೆಸರೇ ಇಟ್ಟಳು. ಅಲ್ಲಿ ನನ್ನ ಹೆಸರಿನ ಮಕ್ಕಳು ಬೇಕಾದಷ್ಟು ಇದ್ದಾರೆ. ನನ್ನನ್ನು ಯಾರಾದ್ರೂ ಕೂಗಿ ಕರೆದ್ರೆ ನನಗಿಂತ ಮೊದ್ಲು ಅವರು ಓಡಿ ಬರ್ತಾರೆ."

ಹಾಲಿನಲ್ಲಿ ನಗುವೋ ನಗು. ಹಿಂದಿನಿಂದ ಯಾರೋ ಕೇಳಿದರು, ದೇವರ ಬಗ್ಗೆ ಅವರಿಗೆ ಎಂತ ಹೇಳ್ತೀರಿ ಸಿಸ್ಟರ್. "ಅದು ಫಾದರ್ ಇಲಾಖೆ. ನನ್ನದು ಕೆಮ್ಮು ಜ್ವರದ ಇಲಾಖೆ" ಎಂದರು. ಪಾದ್ರಿಗಳೂ ನಕ್ಕರು. ಆಮೇಲೆ ಶುಕ್ರವಾರದ ಸಂತೆ, ಅಲ್ಲಿ ಟೊಮೆಟೊ ಸಿಕ್ಕಿದ ಸಂಭ್ರಮ.

ಕಾರ್ಯದರ್ಶಿಯವರು ಮೈಕ್ ಹಿಡಿದು, "ಸಿಸ್ಟರ್, ಗುರುವಾರ ಬಿಟ್ಟುಹೋಯ್ತು. ಗುರುವಾರ ಎಂತ, ರಜೆಯಾ?" ಎಂದರು. ಮತ್ತೆ ನಗು.

ಸಿಸ್ಟರ್ ನಗಲಿಲ್ಲ. "ಗುರುವಾರ ಹೇಳ್ಬೇಕಾ?" ಎಂದು ಕೇಳಿದರು.

"ಹೇಳಿ, ಹೇಳಿ. ವಾರ ಪೂರ್ತಿ ಆಗ್ಬೇಕಲ್ಲ."

ಅವರು ಬಲೂನು ಕಟ್ಟಿದ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತರು. ಆಮೇಲೆ ಅದೇ ಧ್ವನಿಯಲ್ಲಿ, ಆಡಿನ ಕಥೆ ಹೇಳಿದ ಧ್ವನಿಯಲ್ಲೇ, ಹೇಳಿದರು.

"ಗುರುವಾರ ಬೆಳಿಗ್ಗೆ ಒಂದು ಮಗು ಹೋಯ್ತು. ನಡೀಲಿಕ್ಕೆ ಆಗಷ್ಟೇ ಕಲ್ತಿದ್ದ ಮಗು. ತಾಯಿ ಬಹಳ ದೂರದಿಂದ ಹೊತ್ಕೊಂಡು ಬಂದಿದ್ದಳು, ತಡ ಆಗಿತ್ತು. ನಮ್ಮಲ್ಲಿ ನೆಲ ಕಲ್ಲು, ಆಳ ಅಗೀಲಿಕ್ಕೆ ಆಗುದಿಲ್ಲ. ಕತ್ತೆಕಿರುಬ ಅಂತ ಒಂದು ಪ್ರಾಣಿ ಉಂಟು, ಅದು ಬಂದು ಮಣ್ಣು ತೆಗೀತದೆ. ಚಾಪೆಯಲ್ಲಿ ಸುತ್ತಿ ಇಟ್ರೆ ಮರುದಿನ ಎಂತ ಇರುದಿಲ್ಲ. ತಾಯಂದಿರು ಬೆಳಿಗ್ಗೆ ಹೋಗಿ ಅದನ್ನು ನೋಡ್ಬೇಕು. ಮರ ಇಲ್ಲದ ಊರು ಅದು, ಹಲಗೆ ಸಿಗುದಿಲ್ಲ. ಅದಕ್ಕೆ ನಾವು ಮಕ್ಕಳನ್ನು ಇದರಲ್ಲಿ ಮಲಗಿಸಿ ಮಣ್ಣು ಮಾಡುದು. ಮಂಗಳೂರಿನ ಪೆಟ್ಟಿಗೆ ಗಟ್ಟಿ ಉಂಟು. ಇದನ್ನು ಒಡೀಲಿಕ್ಕೆ ಅವುಗಳಿಗೆ ಆಗುದಿಲ್ಲ."

ಆಮೇಲೆ ನನ್ನ ಕಡೆ ತಿರುಗಿದರು.

"ಒಳಗೆ ನುಣ್ಣಗೆ ಮಾಡಿ ಅಂತ ನಾನು ಶೆಟ್ರಿಗೆ ಭಾರೀ ಕಾಟ ಕೊಟ್ಟಿದ್ದೇನೆ. ಮಗುವನ್ನು ಇಡುವ ಮೊದ್ಲು ತಾಯಿ ಒಳಗೆ ಕೈಯಾಡಿಸಿ ನೋಡ್ತಾಳೆ. ಎಲ್ಲ ತಾಯಂದಿರೂ ನೋಡ್ತಾರೆ, ಯಾಕೆ ಅಂತ ಗೊತ್ತಿಲ್ಲ. ಅವಳ ಕೈಗೆ ಸಿಬಿರು ತಾಗಬಾರದು, ಅಷ್ಟೇ. ಶನಿವಾರ ಬಟ್ಟೆ ಒಗೆದೆವು. ಆದಿತ್ಯವಾರ ಪೂಜೆ. ವಾರ ಮುಗೀತು."

ನನ್ನ ಹೆಗಲ ಮೇಲೆ ಶಾಲು. ಎದುರಿಗೆ ಚಿಟ್ಟೆ ಬರೆದ ಪೆಟ್ಟಿಗೆ. ಅದರ ಅಳತೆ ನನಗೆ ಬಾಯಿಪಾಠ. ಅಷ್ಟು ವರ್ಷ ಬಾಯಿಪಾಠ ಇದ್ದ ಅಳತೆ ಎಂಥದ್ದು ಎಂದು ಆ ಕ್ಷಣ ನನಗೆ ಕಂಡಿತು. ಸಣ್ಣದು, ಅದಕ್ಕಿಂತ ಚೂರು ದೊಡ್ಡದು, ಮತ್ತೊಂದು. ನನ್ನ ಮೊಮ್ಮಗ ಮುಂದಿನ ಸಾಲಿನಲ್ಲಿ ನನ್ನ ಹೆಂಡತಿಯ ಮಡಿಲಲ್ಲಿ ಕೂತು ಬಿಸ್ಕೆಟ್ ತಿನ್ನುತ್ತಿದ್ದ. ಅವನನ್ನು ನೋಡಬಾರದು ಎಂದುಕೊಂಡೆ, ನೋಡಿದೆ. ಎದ್ದು ಹೊರಗೆ ಹೋದೆ, ಹಣ್ಣಿನ ಬುಟ್ಟಿ ಅಲ್ಲೇ ಉಳಿಯಿತು.

ಕಾರ್ಯಕ್ರಮ ಮುಗಿದ ಮೇಲೆ ಹೊರಗೆ ಅವರ ತಮ್ಮ ಅಕ್ಕನನ್ನು ಕಾರಿನ ಹತ್ತಿರ ನಿಲ್ಲಿಸಿ ಕೊಂಕಣಿಯಲ್ಲಿ ಬೈಯುತ್ತಿದ್ದರು. ಕೊಂಕಣಿ ನನಗೆ ಅರ್ಥವಾಗುತ್ತದೆ. ಮಕ್ಕಳ ಎದುರು ಹೇಳುವ ಮಾತಾ ಅದು, ನೀನು ಕಲ್ಲಾಗಿದ್ದೀ, ಇನ್ನು ಅಲ್ಲಿಗೆ ಹೋಗುವುದು ಬೇಡ, ನಿನ್ನ ಕಾನ್ವೆಂಟಿನ ಮದರಿಗೆ ನಾನೇ ಹೇಳುತ್ತೇನೆ ಎನ್ನುತ್ತಿದ್ದರು. ಸಿಸ್ಟರ್ ತಲೆ ತಗ್ಗಿಸಿ ಕೇಳಿ, "ಕಲ್ಲಾಗಿದ್ದರೆ ಒಳ್ಳೆಯದಿತ್ತು" ಎಂದರು.

ಸೋಮವಾರದಿಂದ ಎಲ್ಲ ತಲೆಕೆಳಗಾಯಿತು. ಕಾರ್ಯದರ್ಶಿಯವರು ಫೋನ್ ಮಾಡಿ, ಈ ವರ್ಷದ ಸಾಮಾನು ಯಾರೂ ಕೊಡುವುದಿಲ್ಲ ಅಂತಾರೆ, ಪೆಟ್ಟಿಗೆ ಬೇಡ ಎಂದರು. ತನ್ನ ಮಗನ ಹೆಸರಿನ ಚೀಟಿ ಅಂಟಿಸಿ ಬೊಂಬೆ ಕಳಿಸಿದ್ದ ಒಬ್ಬ ಹೆಂಗಸು ರಾತ್ರಿಯೆಲ್ಲ ಅತ್ತಿದ್ದರಂತೆ, ಮಗನ ಹೆಸರು ಹೊತ್ತು ಹೋದ ಆ ಪೆಟ್ಟಿಗೆಯಲ್ಲೂ ಒಂದು ಮಗುವನ್ನು ಮಣ್ಣು ಮಾಡಿದರಾ ಎಂದು. ನಾನು ವಾಸು ಆಚಾರಿಗೆ ವಿಷಯ ಹೇಳಿದೆ. ಅವನು ಕೈಯಲ್ಲಿದ್ದ ಉಳಿ ಕೆಳಗಿಟ್ಟ.

"ಮನೆಯಲ್ಲಿ ಮಗಳು ಬಾಣಂತನಕ್ಕೆ ಬಂದಿದ್ದಾಳೆ ಶೆಟ್ರೇ. ಇನ್ನು ನನ್ನಿಂದ ಆಗುದಿಲ್ಲ. ಬೈಯುದಾದ್ರೆ ಬೈಯಿರಿ."

ಬೈಯಲಿಲ್ಲ. ನನಗೇ ಆಗುವುದಿಲ್ಲ ಎಂದು ನಾನು ಆಗಲೇ ತೀರ್ಮಾನ ಮಾಡಿದ್ದೆ. ಕೊಯ್ದಿಟ್ಟ ಹಲಗೆಗಳಿಗೆ ಟಾರ್ಪಲ್ ಮುಚ್ಚಿಸಿದೆ.

ಮಂಗಳವಾರ ಸಿಸ್ಟರ್ ಬಂದರು. ನಾನು ತಡೆದುಕೊಳ್ಳಲಿಲ್ಲ.

"ಇಷ್ಟು ವರ್ಷ ನೀವು ನನಗೆ ಯಾಕೆ ಹೇಳ್ಲಿಲ್ಲ ಸಿಸ್ಟರ್? ನಾನು ಎಂತ ಮಾಡ್ತಾ ಇದ್ದೇನೆ ಅಂತ ನನಗೆ ಗೊತ್ತಿರ್ಬೇಕಿತ್ತಲ್ಲ?"

"ಹೇಳಿದ್ರೆ ಮಾಡ್ತಿದ್ರಾ?"

"ಇಲ್ಲ."

"ಅದಕ್ಕೇ ಹೇಳ್ಲಿಲ್ಲ. ಆದಿತ್ಯವಾರವೂ ಹೇಳ್ಬಾರ್ದು ಅಂತಲೇ ಇತ್ತು. ಅಷ್ಟು ಜನ ಮುಖ ನೋಡಿ ಕೇಳುವಾಗ ಸುಳ್ಳು ಬರ್ಲಿಲ್ಲ." ಹಲಗೆಯ ರಾಶಿಯ ಮೇಲೆ ಕೂತರು. "ಈಗ ಗೊತ್ತಾಯ್ತಲ್ಲ. ಈಗ ಎಂತ ಮಾಡ್ತೀರಿ?"

ಪೆಟ್ಟಿಗೆ ಇಲ್ಲದೆ ಅವರು ಹಿಂದೆ ಹೋದರೆ ಅಲ್ಲಿ ಏನಾಗುತ್ತದೆ ಎಂಬುದನ್ನು ಅವರು ಹೇಳಿಯಾಗಿತ್ತು. ಬೆಳಿಗ್ಗೆ ಹೋಗಿ ನೋಡುವ ತಾಯಂದಿರು ನನಗೂ ಕಣ್ಣ ಮುಂದೆ ಬರತೊಡಗಿದ್ದರು. ಆದರೂ ಕೈ ಒಪ್ಪುತ್ತಿರಲಿಲ್ಲ.

"ನನಗೆ ಸ್ವಲ್ಪ ಟೈಮ್ ಬೇಕು ಸಿಸ್ಟರ್."

"ಆದಿತ್ಯವಾರ ನನ್ನ ವಿಮಾನ. ಅಲ್ಲಿವರೆಗೆ ಉಂಟು" ಎಂದು ಟಾರ್ಪಲ್ ಸರಿಸಿ, ಒಂದು ಹಲಗೆ ಎಳೆದು ಮಡಿಲಲ್ಲಿ ಇಟ್ಟುಕೊಂಡು, ಮರಳುಕಾಗದ ತೆಗೆದು ತಿಕ್ಕಲು ಶುರು ಮಾಡಿದರು. ಯಾರ ಅಪ್ಪಣೆಯೂ ಕೇಳಲಿಲ್ಲ. ಬುಧವಾರವೂ ಬಂದರು, ತಿಕ್ಕಿದರು. ಮಧ್ಯಾಹ್ನ ತಮ್ಮ ಬಂದು ಕರೆದರೂ ಏಳಲಿಲ್ಲ. ಮದರ್ ಒಪ್ಪಿದ್ದಾರೆ, ನೀನು ಇಲ್ಲೇ ಕಾನ್ವೆಂಟಿನಲ್ಲಿ ಇರಬಹುದು ಎಂದು ಅವರು ಹೇಳಿದಾಗ ಮಾತ್ರ ಕೈ ನಿಲ್ಲಿಸಿ, ಮದರ್ ಒಪ್ಪಿದ್ದಾರೆ, ನಾನು ಒಪ್ಪಲಿಲ್ಲ ಎಂದರು. ತಮ್ಮ ಮತ್ತೆ ಆ ವಾರವಿಡೀ ಅವರ ಹತ್ತಿರ ಮಾತಾಡಲಿಲ್ಲ.

ಗುರುವಾರ ನಡೆದದ್ದು ನನಗೆ ಈಗಲೂ ಆಶ್ಚರ್ಯ. ವಾಸು ಆಚಾರಿ ಮೂಲೆಯಲ್ಲಿ ಕಾರ್ಖಾನೆಯ ಕೆಲಸ ಮಾಡುತ್ತಿದ್ದವನು, ಸಿಸ್ಟರ್ ಕಡೆ ನೋಡದ ಹಾಗೆ ಕೂತಿದ್ದವನು, ಪದೇ ಪದೇ ಇತ್ತ ಕಣ್ಣು ಹಾಯಿಸುತ್ತಿದ್ದ. ಸಿಸ್ಟರಿಗೆ ಮರದ ಕೆಲಸದ ಗಂಧಗಾಳಿ ಇರಲಿಲ್ಲ. ಮರದ ನಾರಿಗೆ ಅಡ್ಡಡ್ಡ ತಿಕ್ಕಿ ನುಣ್ಣಗಿದ್ದ ಹಲಗೆಗೂ ಗೀರು ಹಾಕುತ್ತಿದ್ದರು. ಎರಡು ದಿನ ಅವನು ಹಲ್ಲುಕಚ್ಚಿ ಸಹಿಸಿದ. ಮೂರನೆಯ ದಿನ ಎದ್ದು ಬಂದು ಅವರ ಕೈಯಿಂದ ಹಲಗೆ ಕಿತ್ತುಕೊಂಡ.

"ಹಾಗೆ ಅಲ್ಲ ಸಿಸ್ಟರ್. ಅಡ್ಡ ತಿಕ್ಕಿದ್ರೆ ಸಿಬಿರು ಇನ್ನೂ ಏಳ್ತದೆ. ನಾರು ಹೋದ ಹಾಗೆ ನಾವು ಹೋಗ್ಬೇಕು" ಎಂದ ತುಳುವಿನಲ್ಲಿ, ಸಿಟ್ಟಿನಿಂದ. ತೋರಿಸಲಿಕ್ಕೆ ಎಂದು ಕೂತ. ಆ ಹಲಗೆ ಮುಗಿಯಿತು, ಇನ್ನೊಂದು ಎತ್ತಿಕೊಂಡ. ಸಂಜೆ ಮನೆಗೆ ಹೊರಡುವಾಗ ನನ್ನ ಹತ್ತಿರ ಬಂದು, "ಹಲಗೆ ನಾನು ಮಾಡಿ ಕೊಡ್ತೇನೆ ಶೆಟ್ರೇ. ಜೋಡಿಸುದು ಮಾತ್ರ ನೀವು. ಅದು ಪೆಟ್ಟಿಗೆ ಆಗುದನ್ನು ನಾನು ನೋಡುದಿಲ್ಲ" ಎಂದ.

ಹಾಗೆ ಬಹಳ ವರ್ಷಗಳ ಮೇಲೆ ನಾನು ಸುತ್ತಿಗೆ ಹಿಡಿದೆ. ಶುಕ್ರವಾರ, ಶನಿವಾರ ಶೆಡ್ಡಿನ ಹಿಂದೆ ಕೂತು ಜೋಡಿಸಿದೆ. ಮೊದಲನೆಯದಕ್ಕೆ ಕೀಲು ಹಾಕುವಾಗ ಅತ್ತೆ. ಹೆಂಡತಿ ನೋಡಿದಳು, ಏನೂ ಕೇಳದೆ ಮೊಳೆಗಳನ್ನು ಒಂದೊಂದಾಗಿ ಕೈಗೆ ಕೊಟ್ಟಳು. ಚಿಟ್ಟೆ, ಹೂವು ಬರೆಯಲಿಕ್ಕೆ ಈ ಸಲ ಯಾರೂ ಇರಲಿಲ್ಲ. ಬಾಣದ ಅಚ್ಚು ಹೊಡೆಯಲಿಕ್ಕೆ ಹೋದ ನನ್ನನ್ನು ಸಿಸ್ಟರೇ ತಡೆದು, "ಹಡಗಿನವರಿಗೆ ಅದು ಬೇಕಾದ್ರೆ ಕಾಗದದಲ್ಲಿ ಬರೆದು ಅಂಟಿಸಿ. ಅಲ್ಲಿ ನಾನು ತೆಗೀತೇನೆ" ಎಂದರು.

ಶನಿವಾರ ಸಂಜೆ ಒಬ್ಬ ಹೆಂಗಸು ಗೇಟಿನ ಹತ್ತಿರ ನಿಂತು ಒಳಗೆ ಬರಲೋ ಬೇಡವೋ ಎಂದು ನೋಡುತ್ತಿದ್ದರು. ಬೊಂಬೆಯ ಮೇಲೆ ಮಗನ ಹೆಸರಿನ ಚೀಟಿ ಅಂಟಿಸಿದ್ದ ಅದೇ ಹೆಂಗಸು. ಕೈಯಲ್ಲಿ ಒಂದು ಹಳೆಯ ನೂಲಿನ ಸೀರೆ, ಒಗೆದು ಇಸ್ತ್ರಿ ಹಾಕಿ ಮಡಚಿದ್ದು. ಸಿಸ್ಟರ್ ಕೈಗೆ ಅದನ್ನು ಕೊಟ್ಟು, "ಇದು ಮೆತ್ತಗೆ ಉಂಟು. ಒಳಗೆ ಹಾಸ್ಲಿಕ್ಕೆ ಆಗ್ತದಾ ನೋಡಿ" ಎಂದರು. ಸಿಸ್ಟರ್ ಆ ಸೀರೆಯನ್ನು ಎದೆಗೆ ಒತ್ತಿ ಹಿಡಿದು ಮೊದಲ ಸಲ ಅತ್ತದ್ದು ಆಗ. ಇಬ್ಬರೂ ಹಲಗೆಯ ರಾಶಿಯ ಮೇಲೆ ಕೂತು ಅತ್ತರು. ನಾನು ಮತ್ತು ವಾಸು ಆಚಾರಿ ಏನು ಮಾಡುವುದೆಂದು ತಿಳಿಯದೆ ಚಹಾ ತರಿಸಿದೆವು.

ಮರುದಿನ ಅವರು ಹೋದರು. ತಮ್ಮ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದರು, ದಾರಿಯಲ್ಲಿ ಒಂದು ಮಾತೂ ಆಡಲಿಲ್ಲವಂತೆ. ಪೆಟ್ಟಿಗೆಗಳು ಈ ಸಲ ನನ್ನ ಖರ್ಚಿನಲ್ಲೇ ಹಡಗಿನಲ್ಲಿ ಹೋದವು, ಒಳಗೆ ಸೀರೆ, ಸೋಪು, ಔಷಧಿ. ಮುಂದಿನ ವರ್ಷವೂ ಹೋದವು. ಆ ಹೆಂಗಸಿನ ಕಡೆಯಿಂದ ಬೇರೆ ಕೆಲವರೂ ಸೀರೆ ಕೊಟ್ಟರು, ಸ್ವೆಟರು ಯಾರೂ ಕೊಡಲಿಲ್ಲ. ಸಿಸ್ಟರ್ ಆಗಾಗ ಮೆಸೇಜ್ ಹಾಕುತ್ತಿದ್ದರು. ಈ ತಿಂಗಳು ಒಂದೂ ಬೇಕಾಗಲಿಲ್ಲ ಶೆಟ್ರೇ ಎಂದು ಒಂದು ಸಲ ಹೇಳಿದ್ದರು, ಆ ದಿನ ನಾನು ಶೆಡ್ಡಿನ ಎಲ್ಲರಿಗೂ ಚಹಾದ ಜೊತೆ ಗೋಳಿಬಜೆ ತರಿಸಿದ್ದೆ. ಯಾಕೆಂದು ವಾಸು ಆಚಾರಿಗೆ ಮಾತ್ರ ಹೇಳಿದೆ.

ತಮ್ಮ ಬಂದು ಸುದ್ದಿ ಹೇಳಿದ ನಾಲ್ಕಾರು ದಿನಕ್ಕೆ ನನ್ನ ಫೋನ್ ಹೊಡೆದುಕೊಂಡಿತು. ನೋಡಿದರೆ ಪರದೆಯ ಮೇಲೆ ಸಿಸ್ಟರ್ ಹೆಸರು. ಎತ್ತಲಿಕ್ಕೆ ಧೈರ್ಯ ಸಾಲಲಿಲ್ಲ, ಬಿಡಲಿಕ್ಕೂ ಆಗಲಿಲ್ಲ. ಆಚೆ ಬೇರೊಬ್ಬ ಹೆಂಗಸು, ಆ ಆಸ್ಪತ್ರೆಯ ನರ್ಸು. ಇಂಗ್ಲಿಷಿನಲ್ಲಿ ನಿಧಾನವಾಗಿ, ನನಗೆ ಅರ್ಥವಾಗುವ ಹಾಗೆ ಮಾತಾಡಿದಳು. ಎಷ್ಟೋ ವರ್ಷಗಳ ಮೇಲೆ ಮಳೆ ಸುರಿದು ನೆರೆ ಬಂದು ದಾರಿ ಮುಚ್ಚಿತ್ತು, ದೊಡ್ಡ ಆಸ್ಪತ್ರೆಗೆ ಸಾಗಿಸಲು ಆಗಲಿಲ್ಲ, ನಾವು ಎಲ್ಲ ಮಾಡಿ ನೋಡಿದೆವು ಎಂದಳು. ಆಸ್ಪತ್ರೆಯ ಹಿಂದೆಯೇ ಮಣ್ಣು ಮಾಡಿದರಂತೆ.

ಕೇಳಬಾರದಿತ್ತೇನೋ, ಬಾಯಿಗೆ ಬಂದೇಬಿಟ್ಟಿತು. "ಅವರನ್ನು ಯಾವುದರಲ್ಲಿ ಇಟ್ಟಿರಿ?"

"ಅವರ ಅಳತೆಯದ್ದು ನಮ್ಮಲ್ಲಿ ಇರಲಿಲ್ಲ. ಉಗ್ರಾಣದಲ್ಲಿ ನಿಮ್ಮದು ಎರಡು ಉಳಿದಿತ್ತು. ಎರಡನ್ನೂ ಬಿಚ್ಚಿ ಒಂದು ಮಾಡುವ ಎಂದು ನಾವು ಬಾಗಿಲ ಹೊರಗೆ ಮಾತಾಡಿಕೊಂಡೆವು. ಅವರಿಗೆ ಕೇಳಿಸಿತು. ಅಷ್ಟು ಜ್ವರದಲ್ಲಿ ಎದ್ದು ಕೂತು ಬೈದರು. ಅವು ಮಕ್ಕಳದ್ದು, ಮುಟ್ಟಿದರೆ ಜಾಗ್ರತೆ ಎಂದರು. ಅದೇ ಅವರ ಕೊನೆಯ ಮಾತು."

ಚಾಪೆಯಲ್ಲಿ ಸುತ್ತಿ ಮಲಗಿಸಿದರಂತೆ. ಮೇಲೆ ಊರಿನ ಹೆಂಗಸರು ಹೊಳೆಯಿಂದ ಕಲ್ಲು ಹೊತ್ತು ತಂದು ಪೇರಿಸಿದರಂತೆ, ಅವರ ಹೆಸರಿನ ಮಕ್ಕಳೆಲ್ಲ ಸಣ್ಣ ಸಣ್ಣ ಕಲ್ಲು ತಂದರಂತೆ. ಈಗಲೂ ಸರದಿಯ ಮೇಲೆ ಯಾರಾದರೂ ಅಲ್ಲಿ ಕಾವಲು ಕೂರುತ್ತಾರಂತೆ. ಇನ್ನು ಮೇಲೂ ನೀವು ಪೆಟ್ಟಿಗೆ ಕಳಿಸುತ್ತೀರಾ ಎಂದು ಕೇಳಿದಳು. ಕಳಿಸುತ್ತೇನೆ ಎಂದೆ.

ಫೋನಿಟ್ಟು ಹೋಗಿ ವಾಸು ಆಚಾರಿಗೆ ಎಲ್ಲ ಹೇಳಿದೆ. ಅವನು ಕೀಸುತ್ತಿದ್ದ ಹಲಗೆಯ ಮೇಲೆ ಕೈಯೂರಿ ಕೇಳಿಸಿಕೊಂಡ.

"ಹಾಗಾದ್ರೆ ಆ ಎರಡು ಪೆಟ್ಟಿಗೆ ಅಲ್ಲೇ ಉಂಟಾ ಶೆಟ್ರೇ?"

"ಉಂಟಂತೆ."

"ಇರ್ಲಿ" ಎಂದ. "ಯಾವ ಮಗುವಿಗೂ ಬೇಕಾಗದೆ ಅಲ್ಲೇ ಹಾಳಾಗ್ಲಿ."